ಮಳೆಯ ಮುನ್ಸೂಚನೆಯೂ ಗಣಿತದ ಮೇರೆಯೂ: ಭಾರತದ ಮುಂಗಾರಿನ ಒಂದು ಚರಿತ್ರೆ

೧

ಮಳೆಯ ಬರವನ್ನು ಮುಂಚಿತವಾಗಿ ತಿಳಿಯಬೇಕೆಂಬ ಹಂಬಲ ಬೇಸಾಯದಷ್ಟೇ ಹಳೆಯದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೇಘಗಳು ಗರ್ಭಧರಿಸುವ ಲಕ್ಷಣಗಳಿಗೂ ಬಿದ್ದ ಮಳೆಯನ್ನು ಅಳೆಯುವ ಕ್ರಮಕ್ಕೂ ಅಧ್ಯಾಯಗಳು ಮೀಸಲಾಗಿವೆ. ಕನ್ನಡದಲ್ಲಿ ರಟ್ಟಕವಿಯ ‘ರಟ್ಟಮತ’ವು ಮಳೆ, ಮಿಂಚು, ಭೂಕಂಪ ಮೊದಲಾದ ಪ್ರಕೃತಿವ್ಯಾಪಾರಗಳ ಲಕ್ಷಣವನ್ನು ಹೇಳಲೆಂದೇ ಹುಟ್ಟಿದ ಗ್ರಂಥ. ನಮ್ಮ ಒಕ್ಕಲು ಮಕ್ಕಳು ಇಂದಿಗೂ ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರಗಳ ಹೆಸರಿನಿಂದಲೇ ಮಳೆಗಳನ್ನು ಎಣಿಸುತ್ತಾರೆ. ಈ ತಿಳಿವಳಿಕೆಯ ಹಿಂದೆ ಅನೇಕ ತಲೆಮಾರುಗಳ ವೀಕ್ಷಣೆಯಿದೆ. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಇಂಥ ಒಂದು ಲಕ್ಷಣ ಎಷ್ಟು ಸಲ ಫಲಿಸಿತು, ಎಷ್ಟು ಸಲ ಹುಸಿಯಾಯಿತು ಎಂಬ ಲೆಕ್ಕವನ್ನು ಇಡುವ ಪದ್ಧತಿ ಬೆಳೆಯಲಿಲ್ಲ. ಫಲಿಸಿದ್ದು ಗಾದೆಯಾಗಿ ಉಳಿಯಿತು, ಹುಸಿಯಾದದ್ದು ಮರೆತುಹೋಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ ಮಳೆಯ ಮುನ್ಸೂಚನೆಯಲ್ಲಿ ಗಣಿತದ ಪ್ರವೇಶವಾಯಿತು. ಅದು ತನ್ನೊಡನೆ ಎರಡು ವಸ್ತುಗಳನ್ನು ತಂದಿತು. ಮೊದಲನೆಯದು ಸೂತ್ರ: ಇಂತಿಂಥ ಅಳತೆಗಳನ್ನು ಕೊಟ್ಟರೆ ಇಷ್ಟು ಮಳೆ ಎಂದು ಹೇಳುವ ಸಾಧನ. ಎರಡನೆಯದು ಆ ಸೂತ್ರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದರ ಅಳತೆ. ಸಾಮಾನ್ಯವಾಗಿ ಈ ಚರಿತ್ರೆಯನ್ನು ಬರೆಯುವವರು ಸೂತ್ರಗಳ ಏಳುಬೀಳುಗಳನ್ನೇ ವರ್ಣಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಕೊಡುಗೆಯೇ ಹಿರಿದು. ಭಾರತದಲ್ಲಿ ಮುಂಗಾರಿನ ಮುನ್ಸೂಚನೆ ದಾರುಣವಾಗಿ ತಪ್ಪಿದಾಗಲೆಲ್ಲ ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಟ್ಟಿದ್ದುದು ಕಂಡುಬರುತ್ತದೆ. ಪ್ರಕೃತ ಲೇಖನದಲ್ಲಿ ಈ ಮಾತನ್ನು ಕಾಲಕ್ರಮವಾಗಿ ಪರಿಶೀಲಿಸಲು ಯತ್ನಿಸುತ್ತೇವೆ.

೨

ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದುದು ೧೮೭೫ರಲ್ಲಿ. ೧೮೬೪ರಲ್ಲಿ ಕಲ್ಕತ್ತೆಯನ್ನು ಬಡಿದ ಚಂಡಮಾರುತ, ೧೮೬೬ ಮತ್ತು ೧೮೭೧ರಲ್ಲಿ ಮಳೆಗಳು ಕೈಕೊಟ್ಟದ್ದು ಅದರ ಹುಟ್ಟಿಗೆ ಕಾರಣವಾದುವು. ಅದರ ಮೊದಲ ಮುಖ್ಯಾಧಿಕಾರಿಯಾದ ಹೆನ್ರಿ ಫ್ರಾನ್ಸಿಸ್ ಬ್ಲಾನ್‌ಫರ್ಡನು ಮೂಲತಃ ಭೂವಿಜ್ಞಾನಿ. ಅವನು ಅಧಿಕಾರ ವಹಿಸಿಕೊಂಡ ಮರುವರ್ಷವೇ ದಕ್ಷಿಣ ಭಾರತಕ್ಕೆ ಭೀಕರ ಕ್ಷಾಮ ಬಂದಿತು. ನಮ್ಮ ನಾಡಿನ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದುದು ಇದನ್ನೇ. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯ ವೇಳೆಗೆ ೪೨ ಲಕ್ಷಕ್ಕಿಂತ ಕೆಳಗಿಳಿದಿತ್ತು. ಮುನ್ಸೂಚನೆಯ ಗಣಿತವನ್ನು ವಿಚಾರಮಾಡುವಾಗ ಈ ಎರಡು ಸಂಖ್ಯೆಗಳು ನಮ್ಮ ಕಣ್ಣ ಮುಂದೆ ಇರಬೇಕಾದುದು ಅವಶ್ಯ.

ಕ್ಷಾಮದ ಅನಂತರ, ಮುಂದಿನ ಮಳೆಗಾಲದ ಗುಣವನ್ನು ಮೊದಲೇ ತಿಳಿಸಲು ಸಾಧ್ಯವೇ ಎಂದು ಸರ್ಕಾರವು ಬ್ಲಾನ್‌ಫರ್ಡನನ್ನು ಕೇಳಿತು. ಹಿಮಾಲಯದಲ್ಲಿ ಚಳಿಗಾಲ ಮತ್ತು ವಸಂತದಲ್ಲಿ ಹಿಮ ಹೆಚ್ಚಾಗಿ ಬಿದ್ದರೆ ಮುಂದಿನ ಬೇಸಗೆಯಲ್ಲಿ ಉತ್ತರಭಾರತದ ಬಯಲಿನ ಮೇಲೆ ಒಣಗಾಳಿ ಬೀಸಿ ಮಳೆ ಕುಗ್ಗುತ್ತದೆಂದು ಅವನು ಗಮನಿಸಿದ್ದನು. ಈ ವಿಚಾರವನ್ನು ೧೮೮೪ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮಂಡಿಸಿದನು. ೧೮೮೨ರಿಂದ ಕೆಲವು ವರ್ಷ ಪ್ರಾಯೋಗಿಕವಾಗಿ ಸೂಚನೆ ನೀಡಿ, ೧೮೮೬ರ ಜೂನ್ ೪ರಂದು ಇಡೀ ಭಾರತಕ್ಕೂ ಬರ್ಮಾಕ್ಕೂ ಅನ್ವಯಿಸುವ ಮೊದಲ ದೀರ್ಘಾವಧಿಯ ಮುನ್ಸೂಚನೆಯನ್ನು ಹೊರಡಿಸಿದನು. ಒಂದು ಋತುವಿನ ಮಳೆಯನ್ನು ಸರ್ಕಾರದ ಇಲಾಖೆಯೊಂದು ವರ್ಷವರ್ಷವೂ ಮೊದಲೇ ಹೇಳುವ ಸಂಪ್ರದಾಯ ಹೀಗೆ ನಮ್ಮ ದೇಶದಲ್ಲಿ ಆರಂಭವಾಯಿತು.

ಬ್ಲಾನ್‌ಫರ್ಡನ ಅನಂತರ ಬಂದ ಜಾನ್ ಎಲಿಯಟ್ಟನು ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಓದಿ ೧೮೬೯ರ ಪರೀಕ್ಷೆಯಲ್ಲಿ ಎರಡನೆಯವನಾಗಿ ತೇರ್ಗಡೆಯಾದವನು. ಅವನು ಹಿಮದ ಜತೆಗೆ ಹಿಂದೂಮಹಾಸಾಗರದ ಆಗ್ನೇಯ ಮಾರುತಗಳು, ದಕ್ಷಿಣಗೋಳಾರ್ಧದ ವಾಯುಭಾರ ಮೊದಲಾದ ಅಂಶಗಳನ್ನು ಸೇರಿಸಿಕೊಂಡನು. ಸೂಚನಾಪತ್ರಗಳು ವರ್ಷದಿಂದ ವರ್ಷಕ್ಕೆ ದೀರ್ಘವಾದುವು. ಆದರೆ ಗಣಿತಜ್ಞನಾಗಿದ್ದರೂ ಎಲಿಯಟ್ಟನು ಈ ಕಾರ್ಯದಲ್ಲಿ ಗಣಿತವನ್ನು ಬಳಸಲಿಲ್ಲವೆಂಬುದು ಗಮನಾರ್ಹ. ಯಾವ ಅಂಶಕ್ಕೆ ಎಷ್ಟು ತೂಕ ಕೊಡಬೇಕೆಂಬುದು ಅವನ ಅನುಭವಕ್ಕೂ ವಿವೇಚನೆಗೂ ಬಿಟ್ಟ ವಿಷಯವಾಗಿತ್ತು. ೧೮೯೯ರಲ್ಲಿ ಮಳೆ ಸಂಪೂರ್ಣವಾಗಿ ವಿಫಲವಾಗಿ ದೇಶದ ಬಹುಭಾಗ ಮತ್ತೆ ಕ್ಷಾಮಕ್ಕೆ ತುತ್ತಾದಾಗ ಈ ಪದ್ಧತಿಯ ದೌರ್ಬಲ್ಯ ಎಲ್ಲರಿಗೂ ಕಾಣಿಸಿತು. ಪತ್ರಿಕೆಗಳ ಟೀಕೆ ಎಷ್ಟು ತೀಕ್ಷ್ಣವಾಯಿತೆಂದರೆ, ಅನಂತರ ಕೆಲವು ವರ್ಷಗಳ ಕಾಲ ಮುನ್ಸೂಚನೆಯನ್ನು ಸಾರ್ವಜನಿಕರಿಗೆ ತಿಳಿಸದೆ ಸರ್ಕಾರದ ಒಳಗೇ ಗುಟ್ಟಾಗಿ ಇಡಲಾಯಿತು. ಮುನ್ಸೂಚನೆ ತಪ್ಪಾಗಬಹುದೆಂಬುದು ಆಗ ತಿಳಿದಿತ್ತು. ಎಷ್ಟು ತಪ್ಪಾಗಬಹುದೆಂಬುದನ್ನು ಹೇಳುವ ಭಾಷೆ ಇರಲಿಲ್ಲ.

೩

ಆ ಭಾಷೆಯನ್ನು ತಂದವನು ಗಿಲ್ಬರ್ಟ್ ವಾಕರ್. ೧೮೬೮ರಲ್ಲಿ ಜನಿಸಿದ ಇವನು ೧೮೮೯ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆದನು. ವಿದ್ಯುಚ್ಚಲನಶಾಸ್ತ್ರ, ಬುಗುರಿಯ ಚಲನೆ ಮೊದಲಾದ ವಿಷಯಗಳಲ್ಲಿ ಹೆಸರು ಮಾಡಿದನು. ಎಸೆದವನ ಕೈಗೇ ಹಿಂದಿರುಗುವ ಬೂಮರಾಂಗ್ ಎಂಬ ಆಸ್ಟ್ರೇಲಿಯದ ಆಯುಧದ ಗತಿಯನ್ನು ಗಣಿತದಿಂದ ವಿವರಿಸಿದುದರಿಂದ ಸ್ನೇಹಿತರಲ್ಲಿ ಅವನಿಗೆ ಆ ಹೆಸರೇ ಅಂಟಿಕೊಂಡಿತ್ತು. ಹವಾಮಾನದ ವಿಷಯದಲ್ಲಿ ಅವನಿಗೆ ಹಿಂದಿನ ಅನುಭವ ಏನೂ ಇರಲಿಲ್ಲ. ಇಂಥವನು ೧೯೦೪ರ ಆರಂಭದಲ್ಲಿ ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕನಾಗಿ ಅಧಿಕಾರ ವಹಿಸಿಕೊಂಡು ೧೯೨೪ರವರೆಗೆ ಆ ಸ್ಥಾನದಲ್ಲಿದ್ದನು.

ವಾಕರನು ಮೊದಲೇ ಮನಗಂಡ ಸಂಗತಿಯೆಂದರೆ, ವಾಯುಮಂಡಲದ ಚಲನೆಯನ್ನು ಭೌತನಿಯಮಗಳಿಂದ ನೇರವಾಗಿ ಗುಣಿಸಿ ಒಂದು ಋತುವಿನ ಮಳೆಯನ್ನು ಕಂಡುಹಿಡಿಯುವುದು ಆ ಕಾಲಕ್ಕೆ ಸಾಧ್ಯವಿರಲಿಲ್ಲ. ಕಾರಣ ತಿಳಿಯದಿದ್ದರೂ ಸಂಬಂಧವನ್ನು ಅಳೆಯಬಹುದಲ್ಲವೇ ಎಂದು ಅವನು ಯೋಚಿಸಿದನು. ೧೮೮೮ರಲ್ಲಿ ಗಾಲ್ಟನ್ನನು ಸೂಚಿಸಿ, ಅನಂತರ ಕಾರ್ಲ್ ಪಿಯರ್‌ಸನ್ನನು ಪರಿಷ್ಕರಿಸಿದ ಸಹಸಂಬಂಧ ಗುಣಾಂಕವು ಆಗ ಹೊಸದಾಗಿ ಬಳಕೆಗೆ ಬರುತ್ತಿತ್ತು. ಎರಡು ಪರಿಮಾಣಗಳು ಸಂಪೂರ್ಣವಾಗಿ ಒಂದಾಗಿ ಏರಿಳಿದರೆ ಈ ಗುಣಾಂಕ ೧. ಒಂದು ಏರಿದಾಗ ಇನ್ನೊಂದು ಅಷ್ಟೇ ನಿಯತವಾಗಿ ಇಳಿದರೆ –೧. ಸಂಬಂಧವೇ ಇಲ್ಲದಿದ್ದರೆ ಸೊನ್ನೆ. ವಾಕರನು ಪ್ರಪಂಚದ ನಾನಾ ಕಡೆಗಳ ವಾಯುಭಾರ, ಉಷ್ಣತೆ, ಮಳೆಗಳ ದಾಖಲೆಗಳನ್ನು ತರಿಸಿ ಭಾರತದ ಮಳೆಗೂ ಅವುಗಳಿಗೂ ಇರುವ ಗುಣಾಂಕವನ್ನು ಲೆಕ್ಕಹಾಕಿಸಿದನು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಈ ಅಪಾರ ಲೆಕ್ಕವನ್ನು ಕೈಯಿಂದ ಮಾಡಿದವರು ಇಲಾಖೆಯ ಭಾರತೀಯ ಗುಮಾಸ್ತರು. ಚರಿತ್ರೆಯಲ್ಲಿ ಅವರ ಶ್ರಮಕ್ಕೆ ತಕ್ಕ ಸ್ಥಾನ ದೊರೆತಿಲ್ಲ.

೧೯೦೯ರ ಸುಮಾರಿಗೆ ಈ ಕೆಲಸದ ಮೊದಲ ಫಲ ಹೊರಬಂದಿತು. ಹಿಮಾಲಯದ ಹಿಮ, ಮಾರಿಷಸ್ ದ್ವೀಪದ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಜಂಜಿಬಾರಿನ ಮಳೆ ಎಂಬ ನಾಲ್ಕು ಅಂಶಗಳನ್ನು ತಕ್ಕ ತೂಕದಿಂದ ಕೂಡಿಸಿ ಭಾರತದ ಮುಂಗಾರು ಮಳೆಯನ್ನು ಅಂದಾಜು ಮಾಡುವ ಸೂತ್ರವದು. ಎಲಿಯಟ್ಟನ ದೀರ್ಘ ವಿವೇಚನೆಯ ಸ್ಥಾನದಲ್ಲಿ ಯಾರು ಲೆಕ್ಕ ಮಾಡಿದರೂ ಒಂದೇ ಉತ್ತರ ಬರುವ ಕ್ರಮ ನೆಲೆಗೊಂಡಿತು. ಮುಂದೆ ಇಡೀ ದೇಶವನ್ನು ಒಂದೇ ಘಟಕವಾಗಿ ಎಣಿಸುವುದು ಯುಕ್ತವಲ್ಲವೆಂದು ತಿಳಿದು, ಮಳೆ ಒಂದೇ ರೀತಿಯಾಗಿ ಏರಿಳಿಯುವ ಪ್ರದೇಶಗಳನ್ನಾಗಿ ದೇಶವನ್ನು ವಿಂಗಡಿಸಿದನು. ಹೀಗೆ ಪರ್ಯಾಯದ್ವೀಪಕ್ಕೆ ಪ್ರತ್ಯೇಕವಾದ ಸೂತ್ರ ದೊರೆಯಿತು.

ಈ ಹುಡುಕಾಟದಲ್ಲಿ ಅವನಿಗೆ ನಿರೀಕ್ಷೆಗೆ ಮೀರಿದ ಒಂದು ಸತ್ಯ ಕೈಸೇರಿತು. ಶಾಂತಸಾಗರದ ಮೇಲೆ ವಾಯುಭಾರ ಹೆಚ್ಚಿದಾಗ ಹಿಂದೂಮಹಾಸಾಗರದ ಸುತ್ತ ಅದು ಕುಗ್ಗುತ್ತದೆ. ಅಲ್ಲಿ ಕುಗ್ಗಿದಾಗ ಇಲ್ಲಿ ಹೆಚ್ಚುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವ ಈ ವ್ಯಾಪಾರದ ಸುಳಿವು ಹಿಂದಿನವರಿಗೂ ಸಿಕ್ಕಿತ್ತು. ವಾಕರನು ಅದರ ವ್ಯಾಪ್ತಿಯನ್ನು ಅಳೆದು, ೧೯೨೪ರಲ್ಲಿ ಅದಕ್ಕೆ ‘ದಕ್ಷಿಣದ ಆಂದೋಲನ’ ಎಂಬ ಅರ್ಥದ ಹೆಸರು ಕೊಟ್ಟನು.

೪

ವಾಕರನ ಕೀರ್ತಿ ಸಾಮಾನ್ಯವಾಗಿ ಈ ಆಂದೋಲನದ ಮೇಲೆ ನಿಂತಿದೆ. ಆದರೆ ನಮ್ಮ ಪ್ರಸ್ತಾಪಕ್ಕೆ ಮುಖ್ಯವಾದುದು ೧೯೧೪ರಲ್ಲಿ ಅವನು ಬರೆದ ಒಂದು ಚಿಕ್ಕ ಪ್ರಬಂಧ. ಕಂಡುಬಂದ ಸಂಬಂಧವೊಂದು ನಿಜವೋ ಆಕಸ್ಮಿಕವೋ ಎಂದು ನಿರ್ಣಯಿಸುವ ಒರೆಗಲ್ಲು ಯಾವುದು ಎಂಬುದೇ ಅದರ ವಿಷಯ.

ವಿದ್ಯಾರ್ಥಿಗಳ ಸೌಕರ್ಯಕ್ಕಾಗಿ ಇದನ್ನು ಒಂದು ಉದಾಹರಣೆಯಿಂದ ವಿವರಿಸೋಣ. ಮಳೆಗೂ ಮತ್ತೊಂದು ಅಂಶಕ್ಕೂ ಯಾವ ಸಂಬಂಧವೂ ಇಲ್ಲದಿರುವಾಗ, ಕೇವಲ ಆಕಸ್ಮಿಕವಾಗಿ ಒಂದು ಗಾತ್ರದ ಗುಣಾಂಕ ಕಾಣಿಸಿಕೊಳ್ಳುವ ಸಂಭವನೀಯತೆ ಇಪ್ಪತ್ತರಲ್ಲಿ ಒಂದು ಎಂದಿಟ್ಟುಕೊಳ್ಳಿ. ಒಂದೇ ಅಂಶವನ್ನು ಪರೀಕ್ಷಿಸಿ ಅಂಥ ಗುಣಾಂಕ ದೊರೆತರೆ ಅದನ್ನು ಗಣನೆಗೆ ತಂದುಕೊಳ್ಳುವುದು ನ್ಯಾಯ. ಆದರೆ ಪರಸ್ಪರ ಸಂಬಂಧವಿಲ್ಲದ ಇಪ್ಪತ್ತು ಅಂಶಗಳನ್ನು ಪರೀಕ್ಷಿಸಿ ಅವುಗಳಲ್ಲಿ ದೊಡ್ಡದನ್ನು ಆರಿಸಿಕೊಂಡರೆ? ಇಪ್ಪತ್ತರಲ್ಲಿ ಒಂದಾದರೂ ಆಕಸ್ಮಿಕವಾಗಿ ಆ ಮಟ್ಟ ಮುಟ್ಟುವ ಸಂಭವನೀಯತೆ ೧೦೦ರಲ್ಲಿ ೬೪. ನೂರಾರು ಅಂಶಗಳನ್ನು ಪರೀಕ್ಷಿಸಿದರೆ ಅಂಥದೊಂದು ಸಿಕ್ಕುವುದು ಹೆಚ್ಚುಕಡಿಮೆ ನಿಶ್ಚಯ. ಆದುದರಿಂದ ಬಹುಸಂಖ್ಯೆಯ ಗುಣಾಂಕಗಳಲ್ಲಿ ಅತಿ ದೊಡ್ಡದನ್ನು ಆರಿಸಿಕೊಂಡವನು, ಅಷ್ಟು ಗುಣಾಂಕಗಳಲ್ಲಿ ಅತಿ ದೊಡ್ಡದು ಆಕಸ್ಮಿಕವಾಗಿಯೇ ಎಷ್ಟಿರಬಹುದು ಎಂಬುದರೊಡನೆ ಅದನ್ನು ಹೋಲಿಸಬೇಕು. ಇದೇ ವಾಕರನ ಒರೆಗಲ್ಲು. ಪ್ರಪಂಚದಲ್ಲಿ ಬೇರೆ ಯಾರಿಗಿಂತಲೂ ಹೆಚ್ಚಾಗಿ ಗುಣಾಂಕಗಳನ್ನು ಹುಡುಕುತ್ತಿದ್ದವನೇ ಆ ಹುಡುಕಾಟದ ಅಪಾಯವನ್ನೂ ಅಳೆದು ಹೇಳಿದನೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ.

ಸಂಬಂಧ ನಿಜವಾದಾಗಲೂ ಅದರಿಂದ ದೊರೆಯುವ ಲಾಭಕ್ಕೆ ಒಂದು ಮಿತಿಯಿದೆ. ಭಾರತದ ಮುಂಗಾರು ಮಳೆಯ ಮಾನಕ ವಿಚಲನೆ ಸರಾಸರಿಯ ಸುಮಾರು ಶೇಕಡ ೧೦. ಅಂದರೆ ಯಾವ ಸೂತ್ರದ ನೆರವೂ ಇಲ್ಲದೆ ‘ಈ ವರ್ಷ ಸರಾಸರಿ ಮಳೆಯಾಗುತ್ತದೆ’ ಎಂದು ಪ್ರತಿ ವರ್ಷವೂ ಹೇಳುವವನ ತಪ್ಪು ಸಾಧಾರಣವಾಗಿ ಶೇಕಡ ೧೦ರ ಆಸುಪಾಸಿನಲ್ಲಿರುತ್ತದೆ. ಈಗ ೦.೬ ಗುಣಾಂಕವಿರುವ ಒಳ್ಳೆಯ ಸೂತ್ರವೊಂದು ದೊರೆಯಿತೆನ್ನೋಣ. ೦.೬ರ ವರ್ಗ ೦.೩೬, ಅದನ್ನು ಒಂದರಲ್ಲಿ ಕಳೆದರೆ ೦.೬೪, ಅದರ ವರ್ಗಮೂಲ ೦.೮. ಸೂತ್ರವನ್ನು ಬಳಸಿದವನ ತಪ್ಪು ಶೇಕಡ ೧೦ರಿಂದ ೮ಕ್ಕೆ ಇಳಿಯಿತು, ಅಷ್ಟೆ. ಕಾಗದದ ಮೇಲೆ ಭವ್ಯವಾಗಿ ಕಾಣುವ ಗುಣಾಂಕವು ಹೊಲದಲ್ಲಿ ನಿಂತವನ ಅನಿಶ್ಚಯದಲ್ಲಿ ಐದನೆಯ ಒಂದು ಭಾಗವನ್ನು ಮಾತ್ರ ಕಳೆಯುತ್ತದೆ.

ವಾಕರನಿಗೆ ಈ ಮಿತಿ ಚೆನ್ನಾಗಿ ತಿಳಿದಿತ್ತು. ಸೂಚನೆಗಳು ಬಲವಾಗಿರುವ ವರ್ಷಗಳಲ್ಲಿ ಮಾತ್ರ ಮಾತನಾಡಬೇಕು, ಉಳಿದ ವರ್ಷಗಳಲ್ಲಿ ಮೌನವೇ ಲೇಸು ಎಂಬುದು ಅವನ ನಿಲುವು. ಋತುವಿನ ವಿಷಯದಲ್ಲಿ ‘ಮುನ್ಸೂಚನೆ’ ಎಂಬ ಗಟ್ಟಿಯಾದ ಪದವೂ ಅವನಿಗೆ ಒಪ್ಪಿಗೆಯಾಗದೆ, ಮುಂದೆ ಬರುವುದರ ನೆರಳು ಮಾತ್ರ ಎಂಬ ಅರ್ಥ ಬರುವ ಬೇರೊಂದು ಇಂಗ್ಲಿಷ್ ಪದವನ್ನು ಬಳಕೆಗೆ ತಂದನು. ೧೯೩೦ರ ಅವನ ಪ್ರಬಂಧವೊಂದರ ಶೀರ್ಷಿಕೆಯಲ್ಲಿಯೇ ಆ ಪದವಿದೆ. ಕನ್ನಡದಲ್ಲಿ ಇದನ್ನು ‘ಮುನ್ನೆಳಲು’ ಎನ್ನಬಹುದು.

೫

ಕಾಲ ಕಳೆದಂತೆ ಸೂತ್ರಗಳು ಸೊರಗಿದುವು. ಒಂದು ಕಾಲಕ್ಕೆ ದೃಢವಾಗಿ ಕಂಡ ಸಂಬಂಧಗಳಲ್ಲಿ ಅನೇಕವು ಮುಂದಿನ ದಶಕಗಳಲ್ಲಿ ದುರ್ಬಲವಾದುವು. ಹಿಮಾಲಯದ ಹಿಮದಂಥ ಹಳೆಯ ಸೂಚಕದ ಮೇಲಿನ ಭರವಸೆಯೂ ಉಳಿಯಲಿಲ್ಲ. ೧೯೨೭ರಿಂದ ೧೯೪೪ರವರೆಗೆ ಇಲಾಖೆಯನ್ನು ನಡೆಸಿದ ಚಾರ್ಲ್ಸ್ ನಾರ್ಮಂಡನು ೧೯೫೩ರಲ್ಲಿ ಈ ವಿಷಯವನ್ನು ಸಮೀಕ್ಷಿಸಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದನು. ಮುಂಗಾರಿಗೆ ಮುಂಚಿನ ಘಟನೆಗಳೊಡನೆ ಇರುವ ಸಂಬಂಧಕ್ಕಿಂತ ಅನಂತರದ ಘಟನೆಗಳೊಡನೆ ಇರುವ ಸಂಬಂಧ ಹೆಚ್ಚು ಬಲವಾದುದು. ಅಂದರೆ ಭಾರತದ ಮಳೆಯಿಂದ ಪ್ರಪಂಚದ ಮುಂದಿನ ಹವೆಯನ್ನು ಊಹಿಸುವುದು, ಪ್ರಪಂಚದ ಹವೆಯಿಂದ ಭಾರತದ ಮಳೆಯನ್ನು ಊಹಿಸುವುದಕ್ಕಿಂತ ಸುಲಭ!

ವಾಕರನು ೧೯೫೮ರಲ್ಲಿ ತೀರಿಕೊಂಡನು. ಮರುವರ್ಷ ಇಂಗ್ಲೆಂಡಿನ ಹವಾವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಸ್ಮರಣಲೇಖನವು, ಅವನು ಕಂಡುಹಿಡಿದ ಸಂಬಂಧಗಳಿಂದ ಲೋಕದ ಹವೆಯ ಸಿದ್ಧಾಂತವೊಂದು ಹುಟ್ಟೀತೆಂಬ ಆಸೆ ಕೈಗೂಡಿದಂತೆ ಕಾಣುವುದಿಲ್ಲವೆಂದು ಸೂಚಿಸಿತು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ, ೧೯೬೯ರಲ್ಲಿ, ಯಾಕೋಬ್ ಬ್ಯರ್ಕ್‌ನೆಸ್ ಎಂಬ ನಾರ್ವೆ ಮೂಲದ ವಿಜ್ಞಾನಿಯು ದಕ್ಷಿಣದ ಆಂದೋಲನಕ್ಕೂ, ಪೆರು ದೇಶದ ಕರಾವಳಿಯಿಂದ ಶಾಂತಸಾಗರದ ನಡುವಿನವರೆಗೆ ನೀರು ಬೆಚ್ಚಗಾಗುವ ‘ಎಲ್ ನಿನೋ’ ಎಂಬ ವ್ಯಾಪಾರಕ್ಕೂ ಇರುವ ಭೌತಿಕ ಸಂಬಂಧವನ್ನು ವಿವರಿಸಿದನು. ಸಮಭಾಜಕದ ಉದ್ದಕ್ಕೂ ಪೂರ್ವಪಶ್ಚಿಮವಾಗಿ ನಡೆಯುವ ಗಾಳಿಯ ಪರಿಚಲನೆಗೆ ವಾಕರನ ಹೆಸರನ್ನೇ ಇಟ್ಟನು. ವಾಕರನ ಒರೆಗಲ್ಲಿನಲ್ಲಿ ನಿಂತ ಸಂಬಂಧ ಹೀಗೆ ಕೊನೆಗೆ ಕಾರಣವನ್ನೂ ಪಡೆಯಿತು.

೬

ಇಷ್ಟರಲ್ಲಿ ಗಣಿತದ ಇನ್ನೊಂದು ಮಾರ್ಗವೂ ಬೆಳೆಯುತ್ತಿತ್ತು. ಯಾಕೋಬನ ತಂದೆ ವಿಲ್ಹೆಲ್ಮ್ ಬ್ಯರ್ಕ್‌ನೆಸ್ಸನು ೧೯೦೪ರಲ್ಲಿ, ವಾಕರನು ಭಾರತದಲ್ಲಿ ಕೆಲಸಕ್ಕೆ ತೊಡಗಿದ ವರ್ಷವೇ, ಹವೆಯ ಮುನ್ಸೂಚನೆ ಯಂತ್ರಶಾಸ್ತ್ರದ ಒಂದು ಸಮಸ್ಯೆ ಎಂದು ಸಾರಿದ್ದನು. ಇಂದಿನ ಸ್ಥಿತಿ ಮತ್ತು ಚಲನೆಯ ನಿಯಮಗಳು ತಿಳಿದಿದ್ದರೆ ನಾಳಿನ ಸ್ಥಿತಿಯನ್ನು ಗುಣಿಸಿ ತೆಗೆಯಬಹುದೆಂಬುದು ಅವನ ವಾದ. ಇದನ್ನು ಮೊದಲು ಕೈಯಾರೆ ಮಾಡಿ ನೋಡಿದವನು ಲೂಯಿ ಫ್ರೈ ರಿಚರ್ಡ್‌ಸನ್. ಯುದ್ಧವನ್ನು ಧರ್ಮತಃ ವಿರೋಧಿಸಿದ ಇವನು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುತ್ತ, ಬಿಡುವಿನ ವೇಳೆಯಲ್ಲಿ ೧೯೧೦ರ ಮೇ ೨೦ರಂದು ಮಧ್ಯ ಯೂರೋಪಿನ ವಾಯುಭಾರ ಆರು ಗಂಟೆಗಳಲ್ಲಿ ಹೇಗೆ ಬದಲಾಯಿತೆಂಬುದನ್ನು ಗುಣಿಸಿದನು. ಉತ್ತರ: ೧೪೫ ಮಿಲಿಬಾರುಗಳ ಏರಿಕೆ. ಆ ದಿನ ನಿಜವಾಗಿ ವಾಯುಭಾರ ಬದಲಾಗಿರಲೇ ಇಲ್ಲವೆನ್ನಬಹುದು. ರಿಚರ್ಡ್‌ಸನ್ನನು ಈ ಸೋಲನ್ನು ಮುಚ್ಚಿಡದೆ ೧೯೨೨ರ ತನ್ನ ಗ್ರಂಥದಲ್ಲಿ ಪೂರ್ಣವಾಗಿ ಅಚ್ಚುಹಾಕಿಸಿದನು. ಬಹುಕಾಲದ ಅನಂತರ ಪೀಟರ್ ಲಿಂಚ್ ಎಂಬ ವಿದ್ವಾಂಸನು ಅದೇ ಲೆಕ್ಕವನ್ನು ಮತ್ತೆ ಮಾಡಿ, ದೋಷ ಸಮೀಕರಣಗಳಲ್ಲಿರದೆ ಆರಂಭದ ಅಳತೆಗಳ ಅಸಮತೋಲದಲ್ಲಿತ್ತೆಂದು ತೋರಿಸಿದನು. ತಪ್ಪನ್ನು ಪ್ರಕಟಿಸಿದ್ದರಿಂದಲೇ ಆ ತಪ್ಪಿನ ಕಾರಣ ತಿಳಿಯಿತು.

೧೯೫೦ರಲ್ಲಿ ಅಮೆರಿಕದಲ್ಲಿ ಚಾರ್ನಿ, ಫ್ಯರ್ಟಾಫ್ಟ್, ಫಾನ್ ನಾಯ್ಮನ್ ಎಂಬ ಮೂವರು ಎನಿಯಾಕ್ ಎಂಬ ವಿದ್ಯುನ್ಮಾನ ಯಂತ್ರದಿಂದ ಮೊದಲ ಬಾರಿಗೆ ಸಮಾಧಾನಕರವಾದ ಸಾಂಖ್ಯಿಕ ಮುನ್ಸೂಚನೆಗಳನ್ನು ಪಡೆದರು. ಇಪ್ಪತ್ತನಾಲ್ಕು ಗಂಟೆಗಳ ಹವೆಯನ್ನು ಗುಣಿಸಲು ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಗಂಟೆಗಳೇ ಹಿಡಿದುವು. ಅಲ್ಲಿಂದ ಮುಂದೆ ಯಂತ್ರಗಳ ವೇಗ ಹೆಚ್ಚಿದಂತೆ ಈ ಮಾರ್ಗ ವಿಸ್ತಾರವಾಯಿತು. ಆದರೆ ಇಲ್ಲಿಯೂ ಮೇರೆಯೊಂದು ಎದುರಾಯಿತು. ಎಡ್ವರ್ಡ್ ಲೊರೆನ್ಸನು ೧೯೬೧ರಲ್ಲಿ ೦.೫೦೬೧೨೭ ಎಂಬ ಸಂಖ್ಯೆಯ ಬದಲು ಯಂತ್ರಕ್ಕೆ ೦.೫೦೬ ಎಂದು ಮಾತ್ರ ಕೊಟ್ಟಾಗ, ಸ್ವಲ್ಪ ಕಾಲದಲ್ಲಿಯೇ ಉತ್ತರ ಸಂಪೂರ್ಣ ಬೇರೆಯಾದುದನ್ನು ಕಂಡನು; ೧೯೬೩ರಲ್ಲಿ ಇದರ ಗಣಿತವನ್ನು ಪ್ರಕಟಿಸಿದನು. ಅಳತೆಯಲ್ಲಿನ ಅತ್ಯಲ್ಪ ತಪ್ಪೂ ದಿನದಿಂದ ದಿನಕ್ಕೆ ಬೆಳೆದು ಕೆಲವು ವಾರಗಳೊಳಗೆ ಮುನ್ಸೂಚನೆಯನ್ನು ನಿರರ್ಥಕವನ್ನಾಗಿ ಮಾಡುತ್ತದೆ.

ಹಾಗಾದರೆ ನಾಲ್ಕು ತಿಂಗಳ ಮಳೆಯನ್ನು ಮೊದಲೇ ಹೇಳುವ ಆಸೆಯನ್ನು ಬಿಡಬೇಕೇ? ಚಾರ್ನಿ ಮತ್ತು ಭಾರತದವರಾದ ಜಗದೀಶ ಶುಕ್ಲ ಅವರು ೧೯೮೧ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಇಂಥ ದಿನ ಇಂಥ ಊರಿನಲ್ಲಿ ಮಳೆ ಎಂದು ತಿಂಗಳುಗಳ ಮುಂಚೆ ಹೇಳುವುದು ಅಸಾಧ್ಯ. ಆದರೆ ಉಷ್ಣವಲಯದಲ್ಲಿ ಇಡೀ ಋತುವಿನ ಸರಾಸರಿಯು ಬಹುಮಟ್ಟಿಗೆ ಸಮುದ್ರದ ಮೇಲ್ಮೈಯ ಉಷ್ಣತೆಯಂಥ ನಿಧಾನವಾಗಿ ಬದಲಾಗುವ ಸಂಗತಿಗಳನ್ನು ಅವಲಂಬಿಸಿದೆ. ಆದುದರಿಂದ ಅದರ ಒಂದಂಶವನ್ನು ಮೊದಲೇ ತಿಳಿಯಬಹುದು. ಬೇರೆ ಬೇರೆ ದಾರಿಯಲ್ಲಿ ನಡೆದರೂ ವಾಕರನ ಗುಣಾಂಕ ಮತ್ತು ಲೊರೆನ್ಸನ ಸಮೀಕರಣ ಕೊನೆಗೆ ಒಂದೇ ಮಾತನ್ನು ಹೇಳಿದಂತಾಯಿತು: ತಿಳಿಯಲು ಸಾಧ್ಯವಾದುದು ಇದೆ, ಅದಕ್ಕೆ ಮಿತಿಯೂ ಇದೆ.

೭

ಈಗ ಭಾರತಕ್ಕೆ ಹಿಂದಿರುಗೋಣ. ೧೯೮೮ರಲ್ಲಿ ಹವಾಮಾನ ಇಲಾಖೆಯು ವಸಂತ ಗೋವಾರೀಕರ್ ಮತ್ತು ಅವರ ಸಹೋದ್ಯೋಗಿಗಳು ರಚಿಸಿದ, ಹದಿನಾರು ಸೂಚಕಗಳುಳ್ಳ ಹೊಸ ಸೂತ್ರವನ್ನು ಬಳಕೆಗೆ ತಂದಿತು. ಅದರ ತಪ್ಪಿನ ಮೇರೆ ಶೇಕಡ ೪ ಎಂದು ಘೋಷಿಸಲಾಗಿತ್ತು. ಹಲವು ವರ್ಷ ಮಳೆ ಸಾಮಾನ್ಯವಾಗಿಯೇ ಬಂದುದರಿಂದ ಸೂತ್ರಕ್ಕೆ ಕೀರ್ತಿಯೂ ಬಂದಿತು. ೨೦೦೨ರಲ್ಲಿ ಸರಾಸರಿಯ ಶೇಕಡ ೧೦೧ ಮಳೆಯಾಗುವುದೆಂದು ಸೂತ್ರ ಹೇಳಿತು. ಬಿದ್ದುದು ಶೇಕಡ ೮೧ ಮಾತ್ರ. ಬಿತ್ತನೆಯ ಮುಖ್ಯ ತಿಂಗಳಾದ ಜುಲೈಯಲ್ಲಿ ಸರಾಸರಿಯ ಸುಮಾರು ಅರ್ಧದಷ್ಟೇ ಮಳೆ ಬಿದ್ದಿತು. ಹಿಂದಿನ ವರ್ಷ ೨೧ ಕೋಟಿ ಟನ್ನುಗಳಿಗೂ ಮೀರಿದ್ದ ದೇಶದ ಆಹಾರಧಾನ್ಯದ ಉತ್ಪತ್ತಿ ಸುಮಾರು ೧೭.೫ ಕೋಟಿ ಟನ್ನುಗಳಿಗೆ ಇಳಿಯಿತು.

ಶೇಕಡ ೪ ಎಂಬ ಮೇರೆ ಶೇಕಡ ೨೦ರ ತಪ್ಪಾಗಿ ಪರಿಣಮಿಸಿದುದು ಹೇಗೆ? ಕೆಲವೇ ದಶಕಗಳ ಮಳೆಗೆ ಹದಿನಾರು ಸೂಚಕಗಳನ್ನು ಹೊಂದಿಸಿದರೆ ಸೂತ್ರವು ಕಳೆದುಹೋದ ವರ್ಷಗಳ ಆಕಸ್ಮಿಕಗಳನ್ನೂ ನಿಯಮವೆಂದು ಕಲಿತುಬಿಡುತ್ತದೆ. ಗತಕಾಲಕ್ಕೆ ಅದು ಸೊಗಸಾಗಿ ಹೊಂದುತ್ತದೆ. ಮುಂದಿನ ವರ್ಷಕ್ಕೆ ಆ ಹೊಂದಿಕೆಯಿಂದ ಉಪಯೋಗವಿಲ್ಲ. ತಿಮೋತಿ ಡೆಲ್‌ಸೋಲ್ ಮತ್ತು ಶುಕ್ಲ ಅವರು ೨೦೦೨ರಲ್ಲಿಯೇ ಈ ದೋಷವನ್ನು ವಿಶ್ಲೇಷಿಸಿ, ಸೂಚಕಗಳು ಹೆಚ್ಚಿದಷ್ಟೂ ಮುನ್ಸೂಚನೆ ಉತ್ತಮವಾಗುವುದೆಂಬ ನಂಬಿಕೆಗೆ ಆಧಾರವಿಲ್ಲವೆಂದು ತೋರಿಸಿದರು. ವಾಕರನು ೧೯೧೪ರಲ್ಲಿ ಎಚ್ಚರಿಸಿದ್ದುದು ಇದೇ ಬಗೆಯ ಅಪಾಯವನ್ನು. ಅವನ ಸೂತ್ರವನ್ನು ಮುಂದುವರಿಸಿದವರು ಅವನ ಒರೆಗಲ್ಲನ್ನು ಅಷ್ಟೇ ಶ್ರದ್ಧೆಯಿಂದ ಮುಂದುವರಿಸಲಿಲ್ಲ.

ಸೂಚಕಗಳ ಸಂಬಂಧವೂ ಸ್ಥಿರವಲ್ಲ. ೧೯೯೭ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೋಗಳಲ್ಲೊಂದು ತಲೆಯೆತ್ತಿದರೂ ಭಾರತದಲ್ಲಿ ಸರಾಸರಿಯ ಶೇಕಡ ೧೦೨ ಮಳೆ ಬಿದ್ದಿತು. ಎಲ್ ನಿನೋಗೂ ಮುಂಗಾರಿಗೂ ಇರುವ ಸಂಬಂಧವೇ ಸಡಿಲವಾಗಿದೆಯೆಂದು ೧೯೯೯ರಲ್ಲಿ ಕೃಷ್ಣಕುಮಾರ್, ರಾಜಗೋಪಾಲನ್, ಕೇನ್ ಎಂಬ ಮೂವರು ವಿದ್ವಾಂಸರು ಬರೆದರು. ಈ ಒಗಟನ್ನು ಬಿಡಿಸುವುದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಹಾರ್ವರ್ಡಿನಲ್ಲಿ ಅನ್ವಿತ ಗಣಿತವನ್ನು ಅಭ್ಯಾಸಮಾಡಿ ೧೯೭೩ರಲ್ಲಿ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದ ಸುಲೋಚನಾ ಗಾಡ್ಗೀಳ್ ಅವರು ೨೦೦೪ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಬಂಧದಲ್ಲಿ, ಸಮಭಾಜಕದ ಬಳಿ ಹಿಂದೂಮಹಾಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ನಡುವೆ ಮೋಡಗಳ ಆಂದೋಲನವೊಂದು ನಡೆಯುತ್ತದೆಂದೂ, ಅದನ್ನು ಎಲ್ ನಿನೋದೊಡನೆ ಸೇರಿಸಿ ನೋಡಿದರೆ ಅತಿವೃಷ್ಟಿ ಅನಾವೃಷ್ಟಿಗಳ ವರ್ಷಗಳು ಅರ್ಥವಾಗುತ್ತವೆಂದೂ ತೋರಿಸಿದರು. ೧೯೯೭ರಲ್ಲಿ ಈ ಆಂದೋಲನ ಮುಂಗಾರಿಗೆ ಅನುಕೂಲವಾಗಿತ್ತು, ೨೦೦೨ರಲ್ಲಿ ಪ್ರತಿಕೂಲವಾಗಿತ್ತು. ಆದರೆ ಒಂದು ವರ್ಷವನ್ನು ಹಿಂದಿರುಗಿ ನೋಡಿ ಅರ್ಥಮಾಡಿಕೊಳ್ಳುವುದು ಬೇರೆ, ಮೊದಲೇ ಹೇಳುವುದು ಬೇರೆ. ೨೦೦೩ರಲ್ಲಿ ಸೂತ್ರಗಳನ್ನು ಬದಲಿಸಿದ ಮೇಲೂ ೨೦೦೯ರ ಏಪ್ರಿಲಿನಲ್ಲಿ ಶೇಕಡ ೯೬ ಎಂದು ಹೇಳಿದ ಮಳೆ ಶೇಕಡ ೭೮ಕ್ಕೆ ನಿಂತಿತು.

ಅಲ್ಲಿಂದೀಚೆಗೆ ಕ್ರಮ ಸಾಕಷ್ಟು ಬದಲಾಗಿದೆ. ೨೦೧೨ರಲ್ಲಿ ಆರಂಭವಾದ ರಾಷ್ಟ್ರೀಯ ಮಾನ್ಸೂನ್ ಯೋಜನೆಯಿಂದ ಸಮುದ್ರ ಮತ್ತು ವಾಯುಮಂಡಲಗಳನ್ನು ಕೂಡಿಸಿ ಗುಣಿಸುವ ಪದ್ಧತಿ ಪುಣೆಯಲ್ಲಿ ಬೆಳೆದಿದೆ. ೨೦೨೧ರಿಂದ ಹಲವು ಮಾದರಿಗಳ ಉತ್ತರಗಳನ್ನು ಒಟ್ಟುಗೂಡಿಸಿ ಮುನ್ಸೂಚನೆ ಕೊಡಲಾಗುತ್ತಿದೆ. ಮಳೆ ಇಷ್ಟು ಎಂಬ ಒಂದೇ ಸಂಖ್ಯೆಯ ಜತೆಗೆ, ಸಾಮಾನ್ಯಕ್ಕಿಂತ ಕಡಿಮೆಯಾಗುವ, ಸಾಮಾನ್ಯವಾಗಿರುವ, ಹೆಚ್ಚಾಗುವ ಸಂಭವನೀಯತೆ ಎಷ್ಟೆಷ್ಟು ಎಂಬುದನ್ನೂ ಪ್ರಕಟಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಯಂತ್ರಗಳ ಹೊಸತನಕ್ಕಿಂತ ಈ ಎರಡನೆಯ ಬದಲಾವಣೆಯೇ ಮಹತ್ವದ್ದು. ಏಕೆಂದರೆ ಇದು ವಾಕರನ ಮುನ್ನೆಳಲಿಗೆ ಹಿಂದಿರುಗಿದಂತೆ. ವಾಯುಗುಣವೇ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಹಿಂದಿನ ನೂರು ವರ್ಷಗಳ ಸಂಬಂಧಗಳು ಮುಂದೆಯೂ ನಿಲ್ಲುವುವೆಂದು ಊಹಿಸಲಾಗದಾದುದರಿಂದ ಈ ಎಚ್ಚರ ಇನ್ನೂ ಅವಶ್ಯವಾಗಿದೆ.

೮

ಮುನ್ಸೂಚನೆಯ ಗಣಿತ ಇಷ್ಟು ಮಿತವಾದುದಾದರೆ ಅದರಿಂದ ರೈತನಿಗೆ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಇಡೀ ಭಾರತದ ಸರಾಸರಿ ನೇರವಾಗಿ ಯಾವ ಹೊಲಕ್ಕೂ ಸಂಬಂಧಿಸಿದ್ದಲ್ಲ. ವರ್ಷಕ್ಕೆ ೭೦೦ ಸೆಂಟಿಮೀಟರಿಗೂ ಮೇಲೆ ಮಳೆ ಕಾಣುವ ಆಗುಂಬೆ, ೫೦ ಸೆಂಟಿಮೀಟರಿನ ಆಸುಪಾಸಿನಲ್ಲಿರುವ ಚಳ್ಳಕೆರೆ ಎರಡೂ ನಮ್ಮ ರಾಜ್ಯದಲ್ಲೇ ಇವೆ. ಶೇಕಡ ೯೬ ಎಂಬ ಒಂದೇ ಸಂಖ್ಯೆ ಇವೆರಡಕ್ಕೂ ಏನು ಹೇಳೀತು?

ಇಲ್ಲಿಯೂ ಎರಡನೆಯ ಬಗೆಯ ಗಣಿತವೇ ಕೈಹಿಡಿಯುತ್ತದೆ. ಗಾಡ್ಗೀಳ್ ಅವರೂ ಅವರ ಸಹೋದ್ಯೋಗಿಗಳೂ ಕರ್ನಾಟಕದ ಗಡಿಗೆ ಹೊಂದಿಕೊಂಡ ಅನಂತಪುರ ಪ್ರದೇಶದ ಮಳೆಯಾಶ್ರಿತ ಕಡಲೆಕಾಯಿ ಬೆಳೆಯನ್ನು ಅಧ್ಯಯನಮಾಡಿದರು. ಈ ವರ್ಷ ಮಳೆ ಎಷ್ಟು ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ಬಹುವರ್ಷಗಳ ಮಳೆಯ ದಾಖಲೆಯನ್ನು ಮುಂದಿಟ್ಟುಕೊಂಡು, ಬೆಳೆಗೆ ನೀರು ಅತ್ಯವಶ್ಯವಾದ ಹಂತದಲ್ಲಿ ಮಳೆ ತಪ್ಪುವ ಸಂಭವನೀಯತೆ ಯಾವ ವಾರ ಬಿತ್ತಿದರೆ ಕಡಿಮೆ ಎಂದು ಲೆಕ್ಕಮಾಡಿದರು. ರೈತರ ಅನುಭವವನ್ನೂ ಕೇಳಿ ತಿಳಿದು ಲೆಕ್ಕಕ್ಕೆ ಸೇರಿಸಿಕೊಂಡರು. ಇಲ್ಲಿ ಭವಿಷ್ಯವನ್ನು ಹೇಳುವ ಪ್ರತಿಜ್ಞೆಯಿಲ್ಲ. ತಿಳಿಯದುದನ್ನು ತಿಳಿಯದೆಂದೇ ಇಟ್ಟುಕೊಂಡು, ಅದರ ಪ್ರಮಾಣವನ್ನು ಅಳೆದು, ಬಿತ್ತುವ ದಿನವನ್ನು ಆರಿಸುವ ವಿವೇಕವಿದೆ.

ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರಿಗೆ ಈ ಚರಿತ್ರೆ ಉಪಯುಕ್ತವಾದೀತೆಂದು ನಮ್ಮ ನಂಬಿಕೆ. ಸಹಸಂಬಂಧ ಗುಣಾಂಕವನ್ನು ಹೇಗೆ ಲೆಕ್ಕಹಾಕಬೇಕೆಂಬುದನ್ನು ವಿದ್ಯಾರ್ಥಿಗಳು ಒಂದು ಗಂಟೆಯಲ್ಲಿ ಕಲಿಯಬಲ್ಲರು. ಅದನ್ನು ಎಷ್ಟು ನಂಬಬೇಕೆಂಬುದನ್ನು ಕಲಿಸಲು ತಮ್ಮ ತಾಲ್ಲೂಕಿನ ಮಳೆಯ ಲೆಕ್ಕಕ್ಕಿಂತ ಒಳ್ಳೆಯ ಪಾಠವಿಲ್ಲ. ನಲವತ್ತು ಐವತ್ತು ವರ್ಷಗಳ ಲೆಕ್ಕವನ್ನು ತಂದು, ಮೊದಲರ್ಧದಿಂದ ಸೂತ್ರವೊಂದನ್ನು ಕಟ್ಟಿ, ಉಳಿದರ್ಧದ ಮೇಲೆ ಅದನ್ನು ಪರೀಕ್ಷಿಸಲು ಹೇಳಿದರೆ ಸಾಕು. ಎಲಿಯಟ್ಟನಿಂದ ೨೦೦೨ರವರೆಗಿನ ಚರಿತ್ರೆಯ ಸಾರ ಆ ಒಂದು ಹಾಳೆಯಲ್ಲಿ ಅವರಿಗೆ ಕಾಣುತ್ತದೆ.